ಅಂತರಿಕ್ಷದಲ್ಲಿ ಹದ ನೋಡುವ ಪುಟ್ಟ ಉಪಗ್ರಹಗಳು

ಉಡುಪಿಯ ಕಡೆಯಿಂದ ಹೊಸದಾಗಿ ದಿಲ್ಲಿಗೆ ಬಂದ ಅಡುಗೆಯ ಭಟ್ಟರೊಬ್ಬರು ಪೌಷಮಾಸದ ಚಳಿಯಲ್ಲಿ ಇಡ್ಲಿಗೆ ಹಿಟ್ಟು ರುಬ್ಬಿಟ್ಟರೆಂದು ಭಾವಿಸೋಣ. ಅಕ್ಕಿ ಅದೇ, ಉದ್ದು ಅದೇ, ಉಪ್ಪಿನ ಅಳತೆ ಅದೇ, ಕೈಯೂ ಅದೇ. ಊರಿನಲ್ಲಾದರೆ ರಾತ್ರಿ ಮುಚ್ಚಿಟ್ಟ ಹಿಟ್ಟು ಬೆಳಗಿನ ಜಾವಕ್ಕೆ ಪಾತ್ರೆಯ ಅಂಚಿನವರೆಗೆ ಉಬ್ಬಿ ಬರುತ್ತಿತ್ತು; ಇಲ್ಲಿ ಅದು ಇಟ್ಟಲ್ಲಿಯೇ ಮಿಸುಕದೆ ಕುಳಿತಿರುತ್ತದೆ. ಆದಕಾರಣ ಅನುಭವಸ್ಥರಾದ ಭಟ್ಟರು ಹೊಸ ಊರಿಗೆ ಹೋದ ಮೊದಲ ದಿನವೇ ದೊಡ್ಡ ಕೊಪ್ಪರಿಗೆಗೆ ಕೈಹಾಕುವುದಿಲ್ಲ. ಚಿಕ್ಕ ಪಾತ್ರೆಯೊಂದರಲ್ಲಿ ಸ್ವಲ್ಪ ಹಿಟ್ಟು ಕಲಸಿಟ್ಟು, ಅಲ್ಲಿಯ ನೀರು, ಅಲ್ಲಿಯ ಹವೆ, ಅಲ್ಲಿಯ ಒಲೆ ಹೇಗೆ ನಡೆದುಕೊಳ್ಳುತ್ತವೆಂಬುದನ್ನು ನೋಡಿ ಹದವನ್ನು ಕಂಡುಕೊಳ್ಳುತ್ತಾರೆ. ಕೆಟ್ಟರೆ ಕೆಡುವುದು ಒಂದು ಸೇರು ಹಿಟ್ಟು. ಗಿರಾಕಿಗಳೆದುರು ಮಾನ ಹೋಗುವುದಿಲ್ಲ.

ಹೊಟ್ಟೆಯ ಪಾಡಿಗಾಗಿ ಪರವೂರುಗಳನ್ನು ಸೇರಿದ ನಮ್ಮವರಿಗೆ ಈ ನೀತಿಯನ್ನು ಯಾರೂ ಬೋಧಿಸಬೇಕಾಗಿಲ್ಲ. ಆದರೆ ಆಕಾಶಕ್ಕೆ ಯಂತ್ರಗಳನ್ನು ಕಳುಹಿಸತಕ್ಕ ವಿಜ್ಞಾನಿಗಳೂ ಇದೇ ನೀತಿಯನ್ನು ಹಿಡಿದು ನಡೆಯುತ್ತಾರೆಂಬುದು ಅನೇಕ ವಾಚಕರಿಗೆ ಹೊಸ ಸಂಗತಿಯಾಗಿರಬಹುದು. ೨೦೨೪ನೆಯ ಇಸವಿ ಡಿಸೆಂಬರ್ ೩೦ರ ರಾತ್ರಿ ೧೦ ಗಂಟೆಗೆ ಶ್ರೀಹರಿಕೋಟೆಯಿಂದ ಮೇಲಕ್ಕೇರಿದ ಪಿ.ಎಸ್.ಎಲ್.ವಿ. ರಾಕೆಟ್ಟು ಸುಮಾರು ೨೨೦ ಕಿಲೋಗ್ರಾಂ ತೂಕದ ಎರಡು ಉಪಗ್ರಹಗಳನ್ನು ಭೂಮಿಯಿಂದ ೪೭೫ ಕಿಲೋಮೀಟರ್ ಎತ್ತರದ ಕಕ್ಷೆಯಲ್ಲಿ ಬಿಟ್ಟಿತು. ಇವುಗಳಿಂದ ಟೆಲಿವಿಷನ್ ಪ್ರಸಾರವಾಗುವುದೇ, ಮಳೆಯ ಮುನ್ಸೂಚನೆ ದೊರೆಯುವುದೇ ಎಂದು ಕೇಳಿದರೆ, ಅವನ್ನು ಕಳುಹಿಸಿದ್ದು ಅದಕ್ಕಾಗಿ ಅಲ್ಲವೆಂದೇ ಉತ್ತರ. ಎರಡು ಉಪಗ್ರಹಗಳು ಆಕಾಶದಲ್ಲಿ ಒಂದನ್ನೊಂದು ಹುಡುಕಿಕೊಂಡು ಬಂದು ಕೂಡಿಕೊಳ್ಳಬಲ್ಲವೇ ಎಂಬ ಒಂದೇ ಸಂಶಯವನ್ನು ಪರಿಹರಿಸಿಕೊಳ್ಳುವುದು ಅವುಗಳ ಮುಖ್ಯ ಕೆಲಸವಾಗಿತ್ತು. ಈ ಪ್ರಯೋಗಕ್ಕೆ ಸ್ಪೇಡೆಕ್ಸ್ ಎಂದು ಹೆಸರು.

ಬರಿಯ ಪರೀಕ್ಷೆಗಾಗಿ ಉಪಗ್ರಹವೊಂದನ್ನು ಕಳುಹಿಸುವುದು ದುಂದುಗಾರಿಕೆಯಲ್ಲವೇ ಎಂದು ಕೇಳುವವರುಂಟು. ಈ ಪ್ರಶ್ನೆ ನ್ಯಾಯವಾದದ್ದೇ. ರೂಪಾಯಿಗೆ ರೂಪಾಯಿ ಲೆಕ್ಕವಿಟ್ಟು ಊರಿಗೆ ಹಣ ಕಳುಹಿಸುವವರು ಕೇಳಲೇಬೇಕಾದ ಪ್ರಶ್ನೆ. ಅದಕ್ಕೆ ಉತ್ತರವನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ನೆಲದ ಪರೀಕ್ಷೆ ಸಾಲದೇಕೆ?

ಉಪಗ್ರಹವನ್ನು ಕಟ್ಟಿದವರು ನೆಲದ ಮೇಲೆ ಅದನ್ನು ಪರೀಕ್ಷಿಸದೆ ಬಿಡುವುದಿಲ್ಲ. ರಾಕೆಟ್ಟಿನ ಅಬ್ಬರವನ್ನು ತಾಳಬಲ್ಲುದೇ ಎಂದು ಅದನ್ನು ಅಲುಗಾಡುವ ಮೇಜಿನ ಮೇಲೆ ಕಟ್ಟಿ ಕುಲುಕುತ್ತಾರೆ. ದೊಡ್ಡ ಕೋಣೆಯೊಂದರಲ್ಲಿಟ್ಟು, ಗಾಳಿಯನ್ನೆಲ್ಲ ಹೊರಗೆಳೆದು, ಒಮ್ಮೆ ಕಾಯಿಸಿ ಒಮ್ಮೆ ತಣ್ಣಗಾಗಿಸಿ ನೋಡುತ್ತಾರೆ. ಇಷ್ಟೆಲ್ಲ ಮಾಡಿದರೂ ನೆಲ ನೆಲವೇ, ಆಕಾಶ ಆಕಾಶವೇ.

ಮೊದಲನೆಯದಾಗಿ ಬಿಸಿಯ ಸಂಗತಿಯನ್ನು ತೆಗೆದುಕೊಳ್ಳೋಣ. ಒಲೆಯಿಂದ ಇಳಿಸಿದ ಪಾತ್ರೆಯನ್ನು ಕಿಟಕಿಯ ಬಳಿಯಲ್ಲಿಟ್ಟರೆ ಗಾಳಿ ತಾಕಿ ಬೇಗನೆ ಆರುತ್ತದೆ. ಅಂತರಿಕ್ಷದಲ್ಲಿ ಗಾಳಿಯೇ ಇಲ್ಲ. ಉಪಗ್ರಹದ ಹೊಟ್ಟೆಯೊಳಗೆ ಕೆಲಸ ಮಾಡುವ ವಿದ್ಯುತ್ ಉಪಕರಣಗಳಿಂದ ಹುಟ್ಟಿದ ಬಿಸಿ ಅದರ ಮೈಯಿಂದ ಕಿರಣರೂಪವಾಗಿ ಹೊರಗೆ ಹೋಗಬೇಕಲ್ಲದೆ ಬೇರೆ ದಾರಿಯಿಲ್ಲ. ಮೇಲಾಗಿ ೪೭೫ ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹವು ಸುಮಾರು ೯೪ ನಿಮಿಷಗಳಿಗೊಮ್ಮೆ ಭೂಮಿಯನ್ನು ಸುತ್ತಿಬರುತ್ತದೆ. ನಮ್ಮ ಒಂದು ದಿನದಲ್ಲಿ ಅದಕ್ಕೆ ಹದಿನೈದು ಸಲ ಹಗಲು, ಹದಿನೈದು ಸಲ ರಾತ್ರಿ. ಬಿಸಿಲಿಗೊಡ್ಡಿದ ಭಾಗ ಕುದಿಯುವ ನೀರಿನಷ್ಟು ಕಾದೀತು. ನೆರಳಿಗೆ ಸರಿದೊಡನೆ ಮಂಜುಗಡ್ಡೆಗಿಂತಲೂ ಬಹಳ ತಣ್ಣಗಾದೀತು. ಈ ಕಾವು ಚಳಿಗಳ ಎಳೆದಾಟದಲ್ಲಿ ಲೋಹಗಳು ಹಿಗ್ಗುತ್ತವೆ, ಕುಗ್ಗುತ್ತವೆ, ಬೆಸುಗೆಗಳು ಬಿರಿಯುತ್ತವೆ.

ಎರಡನೆಯದು ತೂಕವಿಲ್ಲದಿರುವಿಕೆ. ನೆಲದ ಮೇಲೆ ಸಲೀಸಾಗಿ ಬಿಚ್ಚಿಕೊಂಡ ಕೀಲು ಅಲ್ಲಿ ಬಿಚ್ಚಿಕೊಂಡೀತೆಂಬ ಭರವಸೆಯಿಲ್ಲ. ಇಂಧನದ ತೊಟ್ಟಿಯಲ್ಲಿ ದ್ರವವು ತಳದಲ್ಲಿ ನಿಲ್ಲದೆ ತೇಲಾಡುತ್ತದೆ. ಮೂರನೆಯದು ಸೂರ್ಯನಿಂದಲೂ ದೂರದ ಆಕಾಶದಿಂದಲೂ ಸುರಿಯುವ ವಿದ್ಯುತ್ಕಣಗಳು. ಇವು ಗಣಕಯಂತ್ರದ ನೆನಪಿನೊಳಗೆ ಹೊಕ್ಕು, ಒಂದು ಎಂದಿದ್ದುದನ್ನು ಸೊನ್ನೆಯಾಗಿ ತಿದ್ದಿಬಿಡಬಲ್ಲವು. ಗುಮಾಸ್ತರು ಬರೆದು ಮುಚ್ಚಿದ ಲೆಕ್ಕದ ಪುಸ್ತಕದೊಳಕ್ಕೆ ರಾತ್ರಿ ಯಾರೋ ನುಗ್ಗಿ ಒಂದು ಅಂಕಿಯನ್ನು ಬದಲಿಸಿದರೆ ಹೇಗೋ ಹಾಗೆ.

ಈ ಮೂರೂ ತೊಂದರೆಗಳು ಒಟ್ಟಾಗಿ, ದಿನಗಟ್ಟಲೆ, ತಿಂಗಳುಗಟ್ಟಲೆ ಮೇಲೆರಗುವ ಸ್ಥಿತಿಯನ್ನು ಭೂಮಿಯ ಮೇಲೆ ಸಂಪೂರ್ಣವಾಗಿ ಕಲ್ಪಿಸಲು ಸಾಧ್ಯವಿಲ್ಲ. ಕೆಟ್ಟುಹೋದರೆ ಸುತ್ತಿಗೆ ಹಿಡಿದುಕೊಂಡು ಮೇಲೆ ಹೋಗಿ ರಿಪೇರಿ ಮಾಡತಕ್ಕವರೂ ಇಲ್ಲ. ಆದ್ದರಿಂದ ಕೋಟ್ಯಂತರ ರೂಪಾಯಿಗಳ ದೊಡ್ಡ ಉಪಗ್ರಹಕ್ಕೆ ಒಂದು ಹೊಸ ಯಂತ್ರವನ್ನು ಜೋಡಿಸುವ ಮೊದಲು, "ಇದು ಮೇಲೆ ಹೋಗಿ ಕೆಲಸ ಮಾಡಿ ತೋರಿಸಿದೆಯೇ?" ಎಂದು ಕೇಳುವುದು ವಾಡಿಕೆ. ಮೇಲೆ ಹೋಗದೆ ಅನುಭವ ಬಾರದು. ಅನುಭವವಿಲ್ಲದೆ ಯಾರೂ ಮೇಲಕ್ಕೆ ಕಳುಹಿಸರು. ಕೆಲಸ ಹುಡುಕುವ ಹೊಸ ಹುಡುಗನಿಗೆ ಒದಗುವ ಸಂಕಟವೇ ಹೊಸ ಯಂತ್ರಕ್ಕೂ ಒದಗುತ್ತದೆ. ಈ ಗಂಟನ್ನು ಬಿಡಿಸುವ ಉಪಾಯವೇ ಪುಟ್ಟ ಪ್ರಯೋಗ ಉಪಗ್ರಹ.

ಪೀಣ್ಯದ ಪಾಠ

ನಮ್ಮ ದೇಶದ ಉಪಗ್ರಹ ವಿದ್ಯೆಯೇ ಇಂಥ ಒಂದು ಪ್ರಯೋಗದಿಂದ ಆರಂಭವಾಯಿತು. ೧೯೭೫ನೆಯ ಇಸವಿ ಏಪ್ರಿಲ್ ೧೯ರಂದು ಸೋವಿಯತ್ ದೇಶದ ಕಾಪುಸ್ತಿನ್ ಯಾರ್ ಎಂಬಲ್ಲಿಂದ ಹಾರಿದ ಆರ್ಯಭಟವು ಭಾರತದ ಮೊತ್ತಮೊದಲ ಉಪಗ್ರಹ. ತೂಕ ೩೬೦ ಕಿಲೋಗ್ರಾಂ. ಅದನ್ನು ಕಟ್ಟಿದ್ದು ಅರಮನೆಯಂಥ ಪ್ರಯೋಗಶಾಲೆಯಲ್ಲಲ್ಲ. ಬೆಂಗಳೂರಿನ ಹೊರವಲಯದ ಪೀಣ್ಯದಲ್ಲಿದ್ದ ಕೈಗಾರಿಕಾ ಷೆಡ್ಡುಗಳಲ್ಲಿ. ಆ ಕಾರ್ಯದ ನಾಯಕತ್ವ ವಹಿಸಿದವರು ಪ್ರೊಫೆಸರ್ ಯು. ಆರ್. ರಾವ್. ಅವರು ೧೯೩೨ರಲ್ಲಿ ಜನಿಸಿದ್ದು ಉಡುಪಿಯ ಬಳಿಯ ಅದಮಾರಿನಲ್ಲಿ ಎಂಬುದನ್ನು ಓದಿ ನಮ್ಮ ಅನೇಕ ಬಂಧುಗಳು ಸಂತೋಷಪಡುವರು. ಅವರು ೨೦೧೭ರಲ್ಲಿ ಕಾಲವಾದ ತರುವಾಯ ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಅವರ ಹೆಸರನ್ನೇ ಇಡಲಾಗಿದೆ.

ಆರ್ಯಭಟದ ಕಥೆಯಲ್ಲಿ ಕೆಲವರು ಹೇಳದೆ ಬಿಡುವ ಒಂದು ಭಾಗವುಂಟು. ಅದು ಕಕ್ಷೆಯನ್ನು ಸೇರಿದ ನಾಲ್ಕೈದು ದಿನಗಳಲ್ಲೇ ವಿದ್ಯುತ್ ಪೂರೈಕೆಯಲ್ಲಿ ದೋಷ ಕಾಣಿಸಿಕೊಂಡು, ಅದರಲ್ಲಿದ್ದ ವೈಜ್ಞಾನಿಕ ಪ್ರಯೋಗಗಳನ್ನು ನಿಲ್ಲಿಸಬೇಕಾಯಿತು. ಹಾಗಾದರೆ ಅದು ಸೋಲೇ? ಉಪಗ್ರಹವೆಂಬ ವಸ್ತುವನ್ನು ಕಟ್ಟುವುದು ಹೇಗೆ, ಸಾವಿರಾರು ಮೈಲಿಗಳಾಚೆ ಓಡುವ ಅದರೊಡನೆ ಮಾತಾಡುವುದು ಹೇಗೆ, ಅದರ ಮೈಬಿಸಿಯನ್ನು ಅಳೆಯುವುದು ಹೇಗೆ ಎಂಬುದನ್ನು ನಮ್ಮ ತರುಣರು ಕಲಿತದ್ದು ಅದರಿಂದಲೇ. ಆ ಅನುಭವದ ಆಧಾರದ ಮೇಲೆ ೧೯೭೯ರಲ್ಲಿ ಭಾಸ್ಕರ ಉಪಗ್ರಹವು ಹೋಯಿತು. ೧೯೮೮ರಲ್ಲಿ ದೇಶದ ಬೆಳೆ, ಕಾಡು, ನೀರುಗಳನ್ನು ಮೇಲಿನಿಂದ ನೋಡತಕ್ಕ ಐ.ಆರ್.ಎಸ್. ಸಾಲಿನ ಮೊದಲ ಉಪಗ್ರಹವು ಹೋಯಿತು.

೧೯೮೧ರ ಜೂನ್ ೧೯ರಂದು ಹಾರಿದ ಆ್ಯಪಲ್ ಎಂಬ ಪ್ರಾಯೋಗಿಕ ಸಂಪರ್ಕ ಉಪಗ್ರಹದ ಕಥೆಯೂ ಹೀಗೆಯೇ. ಅದರ ಆಂಟೆನಾವನ್ನು ಪರೀಕ್ಷಿಸುವಾಗ ಸುತ್ತಲೂ ಲೋಹದ ವಾಹನ ಇರಕೂಡದೆಂದು, ಅದನ್ನು ಎತ್ತಿನ ಗಾಡಿಯ ಮೇಲೆ ಕೂರಿಸಿದ ಚಿತ್ರವನ್ನು ಅನೇಕರು ನೋಡಿರಬಹುದು. ಆ ಚಿತ್ರವನ್ನು ನೋಡಿ ನಕ್ಕವರಿದ್ದಾರೆ; ಆದರೆ ಅದು ಬಡತನದ ಗುರುತಲ್ಲ, ಕೈಯಲ್ಲಿದ್ದುದರಲ್ಲೇ ಕೆಲಸ ಸಾಧಿಸುವ ಜಾಣತನದ ಗುರುತು. ಮೇಲೆ ಹೋದ ತರುವಾಯ ಆ್ಯಪಲ್‌ನ ಎರಡು ಸೌರಫಲಕಗಳಲ್ಲಿ ಒಂದು ಬಿಚ್ಚಿಕೊಳ್ಳಲಿಲ್ಲ. ಇದ್ದ ಒಂದೇ ಫಲಕದ ವಿದ್ಯುತ್ತಿನಲ್ಲಿ ಎರಡು ವರ್ಷಗಳಿಗೂ ಹೆಚ್ಚು ಕಾಲ ಕೆಲಸ ನಡೆಸಿಕೊಂಡು ಹೋದರು.

ಚಿಕ್ಕದಾಗಿರುವುದರ ಲಾಭ

ಕಾಲ ಕಳೆದಂತೆ ವಿದ್ಯುತ್ ಉಪಕರಣಗಳು ಕಿರಿದಾಗುತ್ತ ಬಂದುವು. ಹಿಂದೆ ಬೀರುವಿನಷ್ಟಿದ್ದ ಗಣಕಯಂತ್ರ ಈಗ ಅಂಗೈಯಲ್ಲಿ ಅಡಗುತ್ತದೆ. ಹೀಗಾಗಿ ಉಪಗ್ರಹವೂ ಕಿರಿದಾಗಬಹುದಲ್ಲವೇ ಎಂಬ ವಿಚಾರ ಹುಟ್ಟಿತು. ೧೯೯೯ರಲ್ಲಿ ಅಮೆರಿಕದ ಇಬ್ಬರು ಅಧ್ಯಾಪಕರು, ಬಾಬ್ ಟ್ವಿಗ್ಸ್ ಹಾಗೂ ಜೋರ್ಡಿ ಪುಯಿಗ್-ಸುವಾರಿ ಎಂಬವರು, ವಿದ್ಯಾರ್ಥಿಗಳು ಓದು ಮುಗಿಸುವುದರೊಳಗಾಗಿ ಕಟ್ಟಿ ಮುಗಿಸಬಲ್ಲಂಥ ಉಪಗ್ರಹದ ಒಂದು ಅಚ್ಚನ್ನು ಗೊತ್ತುಪಡಿಸಿದರು. ಉದ್ದ, ಅಗಲ, ಎತ್ತರ ಪ್ರತಿಯೊಂದೂ ೧೦ ಸೆಂಟಿಮೀಟರ್. ತೂಕ ಸುಮಾರು ಒಂದು ಕಿಲೋಗ್ರಾಂ. ಇದಕ್ಕೆ ಕ್ಯೂಬ್‌ಸ್ಯಾಟ್ ಎಂದು ಹೆಸರು. ಹೆಚ್ಚು ಜಾಗ ಬೇಕಾದವರು ಇಂಥ ಎರಡು, ಮೂರು, ಆರು ಘನಗಳನ್ನು ಸೇರಿಸಿ ಒಂದೇ ಪೆಟ್ಟಿಗೆಯಾಗಿ ಮಾಡಿಕೊಳ್ಳಬಹುದು. ಮೊದಲ ತಂಡ ೨೦೦೩ರ ಜೂನ್ ೩೦ರಂದು ರಷ್ಯದಿಂದ ಹಾರಿತು.

ಅಳತೆ ಒಂದೇ ಆದುದರಿಂದ ಆದ ಉಪಕಾರ ಬಹಳ ದೊಡ್ಡದು. ಮುಂಬಯಿಯ ಡಬ್ಬಾವಾಲರ ಕೆಲಸ ಸುಗಮವಾಗಿ ನಡೆಯುವುದಕ್ಕೆ ಡಬ್ಬಿಗಳೆಲ್ಲ ಹೆಚ್ಚುಕಡಿಮೆ ಒಂದೇ ಆಕಾರದಲ್ಲಿರುವುದೂ ಒಂದು ಕಾರಣವಲ್ಲವೇ? ಹಾಗೆಯೇ ಯಾವ ದೇಶದ ಕ್ಯೂಬ್‌ಸ್ಯಾಟ್ ಆದರೂ ಯಾವ ದೇಶದ ರಾಕೆಟ್ಟಿನಲ್ಲಾದರೂ ಮೂಲೆಯಲ್ಲೊಂದು ಜಾಗ ಹಿಡಿದು ಕುಳಿತುಕೊಳ್ಳಬಹುದು. ದೊಡ್ಡ ಉಪಗ್ರಹದ ಪ್ರಯಾಣಕ್ಕೆಂದು ಹೊರಟ ರಾಕೆಟ್ಟಿನಲ್ಲಿ ಮಿಕ್ಕ ಸ್ಥಳವನ್ನು ಅಲ್ಪ ಬಾಡಿಗೆಗೆ ಹಂಚಿಕೊಳ್ಳಬಹುದು.

ಚಿಕ್ಕದೆಂದ ಮಾತ್ರಕ್ಕೆ ಕೆಲಸವೂ ಚಿಕ್ಕದೆಂದು ತಿಳಿಯಕೂಡದು. ೨೦೦೧ರ ಅಕ್ಟೋಬರ್ ೨೨ರಂದು ನಮ್ಮ ಪಿ.ಎಸ್.ಎಲ್.ವಿ. ರಾಕೆಟ್ಟು ಒಯ್ದ ಉಪಗ್ರಹಗಳಲ್ಲಿ ಯುರೋಪಿನವರ ಪ್ರೋಬಾ ಎಂಬುದೂ ಒಂದು. ತೂಕ ೯೪ ಕಿಲೋಗ್ರಾಂ. ನೆಲದಿಂದ ಹೆಜ್ಜೆಹೆಜ್ಜೆಗೂ ಅಪ್ಪಣೆ ಕೇಳದೆ ಉಪಗ್ರಹವು ತನ್ನ ಕೆಲಸವನ್ನು ತಾನೇ ನೋಡಿಕೊಳ್ಳಬಲ್ಲುದೇ ಎಂದು ಪರೀಕ್ಷಿಸಲು ಅದನ್ನು ಕಳುಹಿಸಿದ್ದರು. ಎರಡು ವರ್ಷ ಬಾಳಿದರೆ ಸಾಕೆಂದಿದ್ದರು. ಅದು ಇಪ್ಪತ್ತು ವರ್ಷಗಳನ್ನೂ ದಾಟಿ ಕೆಲಸ ಮಾಡಿತು.

ಇನ್ನೊಂದು ಉದಾಹರಣೆ ೨೦೧೮ರದು. ಅಮೆರಿಕದ ಇನ್‌ಸೈಟ್ ನೌಕೆಯು ಮಂಗಳಗ್ರಹಕ್ಕೆ ಹೊರಟಾಗ ಅದರ ಹಿಂದೆ ಮಾರ್ಕೋ ಎಂಬ ಎರಡು ಪುಟ್ಟ ಪೆಟ್ಟಿಗೆಗಳೂ ಹೊರಟವು. ಅದುವರೆಗೆ ಇಂಥ ಪೆಟ್ಟಿಗೆಗಳು ಭೂಮಿಯ ಅಂಗಳ ಬಿಟ್ಟು ಅಷ್ಟು ದೂರ ಹೋದದ್ದೇ ಇಲ್ಲ. ಅವು ದಾರಿಯಲ್ಲಿ ಕೆಟ್ಟರೂ ದೊಡ್ಡ ನೌಕೆಯ ಕೆಲಸ ನಿಲ್ಲದಂತೆ ಏರ್ಪಾಟು ಮಾಡಿದ್ದರು. ಆದರೆ ನವೆಂಬರ್ ೨೬ರಂದು ಇನ್‌ಸೈಟ್ ಮಂಗಳದ ನೆಲಕ್ಕಿಳಿಯುತ್ತಿದ್ದಾಗ, ಅದರ ಕ್ಷೇಮಸಮಾಚಾರವನ್ನು ಆಗಿಂದಾಗ ಭೂಮಿಗೆ ಮುಟ್ಟಿಸಿದವು ಈ ಪುಟ್ಟ ಪೆಟ್ಟಿಗೆಗಳೇ. ಕೆಲವೇ ವಾರಗಳಲ್ಲಿ ಅವುಗಳ ಧ್ವನಿ ಅಡಗಿಹೋಯಿತು. ಆದರೇನು? ತಾವು ಸಾಧಿಸಿ ತೋರಿಸಬೇಕಾದುದನ್ನು ಸಾಧಿಸಿ ತೋರಿಸಿದ್ದವು.

ಎರಡು ಉಪಗ್ರಹಗಳ ಭೇಟಿ

ಈಗ ನಮ್ಮ ಸ್ಪೇಡೆಕ್ಸಿಗೆ ಹಿಂತಿರುಗೋಣ. ಎರಡು ಉಪಗ್ರಹಗಳನ್ನು ಆಕಾಶದಲ್ಲಿ ಕೂಡಿಸುವ ಅವಶ್ಯಕತೆಯಾದರೂ ಏನು? ಭಾರತವು ತನ್ನದೇ ಆದ ಅಂತರಿಕ್ಷ ನಿಲ್ದಾಣವೊಂದನ್ನು ೨೦೩೫ರ ಸುಮಾರಿಗೆ ಪೂರ್ಣಗೊಳಿಸಬೇಕೆಂದು ಸಂಕಲ್ಪಿಸಿದೆ. ಅಷ್ಟು ದೊಡ್ಡ ಮನೆಯನ್ನು ಒಂದೇ ರಾಕೆಟ್ಟಿನಲ್ಲಿ ಹೊತ್ತೊಯ್ಯಲು ಬಾರದು. ಕೋಣೆ ಕೋಣೆಯಾಗಿ ಒಯ್ದು ಮೇಲೆಯೇ ಜೋಡಿಸಬೇಕು. ಚಂದ್ರನಿಂದ ಕಲ್ಲುಮಣ್ಣುಗಳನ್ನು ತರಬೇಕೆಂಬ ಚಂದ್ರಯಾನ-೪ರ ಯೋಜನೆಯಲ್ಲಿಯೂ ಬೇರೆಬೇರೆಯಾಗಿ ಹೋದ ಭಾಗಗಳು ದಾರಿಯಲ್ಲಿ ಕೂಡಿಕೊಳ್ಳಬೇಕಾಗುತ್ತದೆ. ಕೂಡಿಸುವ ವಿದ್ಯೆ ಬಾರದಿದ್ದರೆ ಈ ಯಾವ ಕೆಲಸವೂ ಮುಂದುವರಿಯದು.

ಈ ವಿದ್ಯೆ ಸುಲಭದ್ದಲ್ಲ. ಎರಡು ಉಪಗ್ರಹಗಳೂ ಗಂಟೆಗೆ ಸುಮಾರು ೨೭ ಸಾವಿರ ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತವೆ. ದಾದರಿನಿಂದ ಹೊರಟ ಎರಡು ಲೋಕಲ್ ಗಾಡಿಗಳು ಅಕ್ಕಪಕ್ಕದ ಹಳಿಗಳ ಮೇಲೆ ಸಮವೇಗದಲ್ಲಿ ಓಡುವಾಗ ಈ ಗಾಡಿಯ ಬಾಗಿಲಲ್ಲಿ ನಿಂತವನಿಗೆ ಆ ಗಾಡಿಯವನು ನಿಶ್ಚಲನಾಗಿಯೇ ಕಾಣುತ್ತಾನೆ. ಉಪಗ್ರಹಗಳಿಗೂ ಅದೇ ಸ್ಥಿತಿ ಬರಬೇಕು. ಆದರೆ ಅಲ್ಲಿ ಹಳಿಯಿಲ್ಲ, ಡ್ರೈವರನೂ ಇಲ್ಲ. ಇನ್ನೂ ಒಂದು ವಿಚಿತ್ರವುಂಟು. ದೂರದಲ್ಲಿ ಮುಂದೆ ಹೋಗುತ್ತಿರುವ ಉಪಗ್ರಹವನ್ನು ಹಿಡಿಯಬೇಕಾದರೆ ವೇಗ ಹೆಚ್ಚಿಸಬೇಕೆಂದು ನಮಗೆ ತೋರುತ್ತದೆ. ಕಕ್ಷೆಯಲ್ಲಿ ಹಾಗಲ್ಲ. ಮುಂದಕ್ಕೆ ನೂಕಿದರೆ ಉಪಗ್ರಹವು ಮೇಲಿನ ಕಕ್ಷೆಗೆ ಏರುತ್ತದೆ. ಮೇಲಿನ ದಾರಿ ಉದ್ದ, ಅಲ್ಲಿಯ ನಡೆಯೂ ನಿಧಾನ. ಆದ್ದರಿಂದ ಅದು ಹಿಂದೆ ಬೀಳುತ್ತದೆ. ಮುಂದಿರುವುದನ್ನು ಹಿಡಿಯಬೇಕಾದರೆ ಮೊದಲು ತಗ್ಗಿ ನಡೆಯಬೇಕು!

ಜಗತ್ತಿನಲ್ಲಿ ಮೊತ್ತಮೊದಲು ಇದನ್ನು ಸಾಧಿಸಿದವರು ಅಮೆರಿಕದವರು. ೧೯೬೬ರ ಮಾರ್ಚ್ ೧೬ರಂದು ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಡೇವಿಡ್ ಸ್ಕಾಟ್ ಜೆಮಿನಿ ನೌಕೆಯಲ್ಲಿ ಕುಳಿತು ಕೈಯಾರೆ ನಡೆಸಿ ಕೂಡಿಸಿದರು. ಮರುವರ್ಷ ಸೋವಿಯತ್ ದೇಶದವರು ಮನುಷ್ಯರಿಲ್ಲದ ಎರಡು ನೌಕೆಗಳನ್ನು ತಾವಾಗಿಯೇ ಕೂಡುವಂತೆ ಮಾಡಿದರು. ೨೦೧೧ರಲ್ಲಿ ಚೀನೀಯರು ಸಾಧಿಸಿದರು. ಹೀಗೆ ಮೂರು ದೇಶಗಳ ಕೈಯಲ್ಲಿ ಮಾತ್ರ ಇದ್ದ ವಿದ್ಯೆಯಿದು.

ನಮ್ಮವರು ಇದನ್ನು ಕಲಿಯಲು ಆಯ್ದುಕೊಂಡ ಮಾರ್ಗವನ್ನು ಗಮನಿಸಬೇಕು. ಮನುಷ್ಯರು ಓಡಾಡುವ ನೌಕೆಗಳಲ್ಲಿ ಬಳಸತಕ್ಕ ಕೂಡುಬಾಗಿಲಿನ ಯಂತ್ರದ ಅಡ್ಡಗಲ ೮೦೦ ಮಿಲಿಮೀಟರ್; ಅದರಲ್ಲಿ ೨೪ ಮೋಟಾರುಗಳು. ನಮ್ಮವರು ಪ್ರಯೋಗಕ್ಕೆಂದು ಮಾಡಿಕೊಂಡದ್ದು ೪೫೦ ಮಿಲಿಮೀಟರ್ ಅಡ್ಡಗಲದ್ದು, ಎಂದರೆ ಮನೆಯ ದೋಸೆಕಾವಲಿಗಿಂತ ಸ್ವಲ್ಪ ದೊಡ್ಡದು. ಅದರಲ್ಲಿರುವುದು ಎರಡೇ ಮೋಟಾರುಗಳು. ಮೂಲತತ್ತ್ವ ಒಂದೇ, ಪಾತ್ರೆ ಮಾತ್ರ ಚಿಕ್ಕದು. ದೂರವನ್ನು ಅಳೆಯುವ ಲೇಸರ್ ಉಪಕರಣ, ಹತ್ತಿರ ಬಂದಾಗ ದಾರಿ ತೋರಿಸುವ ಬೇರೆ ಬೇರೆ ಕಣ್ಣುಗಳು, ಎರಡೂ ಉಪಗ್ರಹಗಳು ತಮ್ಮೊಳಗೆ ಮಾತಾಡಿಕೊಳ್ಳುವ ರೇಡಿಯೋ, ಇವೆಲ್ಲವೂ ಹೊಸವು. ಎಲ್ಲಕ್ಕೂ ಅದೇ ಮೊದಲ ಪರೀಕ್ಷೆ.

ಅವಸರಪಡದ ಹದಿನೇಳು ದಿನಗಳು

ಎರಡು ಉಪಗ್ರಹಗಳನ್ನೂ ಮೊದಲು ಕಿಲೋಮೀಟರುಗಟ್ಟಲೆ ದೂರ ಸರಿಯಲು ಬಿಟ್ಟು, ತರುವಾಯ ೫ ಕಿಲೋಮೀಟರ್, ಒಂದೂವರೆ ಕಿಲೋಮೀಟರ್, ೫೦೦ ಮೀಟರ್, ೨೨೫ ಮೀಟರ್, ೧೫ ಮೀಟರ್, ೩ ಮೀಟರ್ ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿರ ತರುವುದೆಂದು ಗೊತ್ತುಮಾಡಿದ್ದರು. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ನಿಂತು, ಎಲ್ಲ ಸರಿಯಿದೆಯೇ ಎಂದು ನೋಡಿಕೊಂಡೇ ಮುಂದಿನ ಹೆಜ್ಜೆ.

೨೦೨೫ರ ಜನವರಿ ೭ರಂದು ನಡೆಯಬೇಕಾಗಿದ್ದ ಜೋಡಣೆಯನ್ನು ೯ಕ್ಕೆ ಮುಂದೂಡಿದರು. ಒಂದು ಸಂದೇಹಾಸ್ಪದ ಸಂದರ್ಭವನ್ನು ನೆಲದ ಮೇಲೆ ಇನ್ನೊಮ್ಮೆ ಪರೀಕ್ಷಿಸಬೇಕಾಗಿತ್ತು. ಎಂಟನೆಯ ತಾರೀಖಿನಂದು ೨೨೫ ಮೀಟರಿಗೆ ತರುವ ಯತ್ನದಲ್ಲಿ ಉಪಗ್ರಹಗಳು ಎಣಿಸಿದ್ದಕ್ಕಿಂತ ಹೆಚ್ಚು ಅತ್ತಿತ್ತ ಸರಿದವು. ಮತ್ತೆ ಮುಂದೂಡಿದರು. ದೇಶವೆಲ್ಲ ನೋಡುತ್ತಿದೆ, ಪತ್ರಿಕೆಗಳು ಕೇಳುತ್ತಿವೆ ಎಂದು ಅವಸರಪಡಲಿಲ್ಲ. ೧೨ರಂದು ೧೫ ಮೀಟರಿಗೆ, ಅಲ್ಲಿಂದ ೩ ಮೀಟರಿಗೆ ತಂದರು. ಒಂದು ಗೇಣು ಇನ್ನೊಂದು ಗೇಣು ಮುಂದಿಟ್ಟರೆ ಮುಟ್ಟಿಯೇಬಿಡುತ್ತವೆ ಎನ್ನುವಷ್ಟರಲ್ಲಿ, ಪುನಃ ಹಿಂದಕ್ಕೆ ಕರೆದುಕೊಂಡರು! ಆ ಸಮೀಪದಲ್ಲಿ ಕಣ್ಣುಗಳು ಕಂಡದ್ದೇನೆಂದು ವಿಚಾರಮಾಡಲು ಅವರಿಗೆ ಸಮಯ ಬೇಕಾಗಿತ್ತು.

ಕಡೆಗೆ ಜನವರಿ ೧೬ರಂದು ಎರಡೂ ಕೂಡಿಕೊಂಡವು. ಗಂಟೆಗೆ ೨೭ ಸಾವಿರ ಕಿಲೋಮೀಟರ್ ಓಡುವ ಅವು ಒಂದನ್ನೊಂದು ಸಮೀಪಿಸುವ ಕೊನೆಯ ಗಳಿಗೆಯ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರಿನಷ್ಟು. ಇರುವೆಯ ನಡಿಗೆ ಎನ್ನಬಹುದು. ಭಾರತವು ಈ ವಿದ್ಯೆಯನ್ನು ಕೈವಶಮಾಡಿಕೊಂಡ ನಾಲ್ಕನೆಯ ದೇಶವಾಯಿತು.

ಕೂಡಿಸಿದ್ದು ಮಾತ್ರವಲ್ಲ, ಬೇರ್ಪಡಿಸುವುದೂ ವಿದ್ಯೆಯೇ. ಮಾರ್ಚ್ ೧೩ರಂದು ಅವುಗಳನ್ನು ಬಿಡಿಸಿದರು. ಏಪ್ರಿಲ್ ೨೦ರಂದು ಎರಡನೆಯ ಸಲ ಕೂಡಿಸಿದರು. ಈ ಸಲ ಕೊನೆಯ ೧೫ ಮೀಟರಿನ ದಾರಿಯನ್ನು ನೆಲದವರ ನೆರವಿಲ್ಲದೆ, ನಡುವೆ ಎಲ್ಲಿಯೂ ತಡೆದು ನಿಲ್ಲದೆ, ಉಪಗ್ರಹಗಳು ತಾವಾಗಿಯೇ ಕ್ರಮಿಸಿದವು. ಮೊದಲ ಸಲ ಕಲಿತದ್ದು ಎರಡನೆಯ ಸಲ ಫಲಿಸಿತು. ಅನಂತರ ಒಂದು ಉಪಗ್ರಹದ ವಿದ್ಯುತ್ತನ್ನು ಇನ್ನೊಂದಕ್ಕೆ ಹರಿಸಿ, ಅದರಲ್ಲಿದ್ದ ಬಿಸಿಮಾಡುವ ಉಪಕರಣವೊಂದನ್ನು ಸುಮಾರು ನಾಲ್ಕು ನಿಮಿಷ ಉರಿಸಿದರು. ಕೇಳುವುದಕ್ಕೆ ಅಲ್ಪ ಸಂಗತಿ. ಆದರೆ ನಾಳೆ ಅಂತರಿಕ್ಷ ನಿಲ್ದಾಣದ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ದೀಪ ಹತ್ತಬೇಕಾದರೆ ಈ ನಾಲ್ಕು ನಿಮಿಷಗಳೇ ಅದಕ್ಕೆ ಪಾಯ.

ಉಳಿದ ಕೆಂಡದ ಉಪಯೋಗ

ಆ ದಿನ ಮೇಲೆ ಹೋದ ರಾಕೆಟ್ಟಿನ ಕೊನೆಯ ಭಾಗದ್ದು ಬೇರೆಯೇ ಒಂದು ಕಥೆ. ಪಿ.ಎಸ್.ಎಲ್.ವಿ.ಯ ನಾಲ್ಕನೆಯ ಹಂತವು ಉಪಗ್ರಹಗಳನ್ನು ಇಳಿಸಿದ ಮೇಲೆ ಹಿಂದೆ ಕಸವಾಗಿ ಸುತ್ತುತ್ತಿತ್ತು. ಊರಿನ ಮನೆಗಳಲ್ಲಿ ಅಡುಗೆ ಮುಗಿದ ಮೇಲೆ ಒಲೆಯಲ್ಲಿ ಉಳಿದ ಕೆಂಡವನ್ನು ವ್ಯರ್ಥಮಾಡದೆ ನೀರಿನ ಚೆಂಬನ್ನೋ ಹಾಲಿನ ಪಾತ್ರೆಯನ್ನೋ ಅದರ ಮೇಲಿಡುವುದುಂಟು. ಅದೇ ರೀತಿ, ಈ ಖಾಲಿ ಹಂತಕ್ಕೆ ಸೌರಫಲಕಗಳನ್ನು ಜೋಡಿಸಿ, ಅದನ್ನೇ ಒಂದು ತೇಲುವ ಪ್ರಯೋಗಶಾಲೆಯನ್ನಾಗಿ ಮಾಡಿದರು. ಇದಕ್ಕೆ ಪೋಯಮ್ ಎಂದು ಹೆಸರು. ಈ ಹೆಸರಿನ ಮೊದಲನೆಯದು ೨೦೨೨ರ ಜೂನ್ ೩೦ರಂದು ಹೋಯಿತು. ತಮ್ಮದೇ ಉಪಗ್ರಹ ಕಟ್ಟುವಷ್ಟು ಅನುಕೂಲವಿಲ್ಲದವರೂ ತಮ್ಮ ಉಪಕರಣವನ್ನು ಇದಕ್ಕೆ ತಗಲಿಸಿ ಮೇಲೆ ಕಳುಹಿಸಬಹುದು.

ಸ್ಪೇಡೆಕ್ಸಿನ ಜೊತೆಗೆ ಹೋದ ನಾಲ್ಕನೆಯ ಪೋಯಮ್‌ನಲ್ಲಿ ೨೪ ಪ್ರಯೋಗಗಳಿದ್ದವು. ಒಂದು ಪುಟ್ಟ ಪೆಟ್ಟಿಗೆಯಲ್ಲಿ ಎಂಟು ಅಲಸಂದೆ ಬೀಜಗಳನ್ನಿಟ್ಟಿದ್ದರು. ಮುಂಬಯಿಯವರು ಚವಳಿ ಎನ್ನುವರಲ್ಲ, ಅದೇ. ತೂಕವಿಲ್ಲದ ಆ ಸ್ಥಳದಲ್ಲಿ ನಾಲ್ಕು ದಿನಗಳಲ್ಲಿ ಬೀಜಗಳು ಮೊಳೆತವು. ಮುಂದೆ ಎಲೆಯನ್ನೂ ಬಿಟ್ಟವು. ಬೆಂಗಳೂರಿನ ಆರ್. ವಿ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ನೋಡುವ ಪೆಟ್ಟಿಗೆಯನ್ನು ಕಳುಹಿಸಿದ್ದರು. ಚಿಕ್ಕಬಳ್ಳಾಪುರದ ಎಸ್. ಜೆ. ಸಿ. ತಾಂತ್ರಿಕ ವಿದ್ಯಾಲಯದವರದು ಹವ್ಯಾಸಿ ರೇಡಿಯೋದವರಿಗಾಗಿ ಮಾಡಿದ ಪ್ರೇಷಕ ಯಂತ್ರ. ಮುಂಬಯಿಯ ಅಮಿಟಿ ವಿಶ್ವವಿದ್ಯಾನಿಲಯದವರು ಪಾಲಕ್ ಸೊಪ್ಪಿನ ಜೀವಕೋಶಗಳನ್ನು ಕಳುಹಿಸಿ ಅವು ಹೇಗೆ ಬೆಳೆಯುತ್ತವೆಂದು ನೋಡಿದರು. ಕೆಲಸ ಮುಗಿದ ಮೇಲೆ ೨೦೨೫ರ ಏಪ್ರಿಲ್ ೪ರಂದು ಅದು ವಾಯುಮಂಡಲವನ್ನು ಹೊಕ್ಕು ಹಿಂದೂ ಮಹಾಸಾಗರದ ಮೇಲೆ ಅಂತ್ಯಗೊಂಡಿತು. ಆಕಾಶದಲ್ಲಿ ಕಸ ಬಿಟ್ಟುಬರಬಾರದೆಂಬುದೂ ಈಗ ಕಲಿಯಬೇಕಾದ ಒಂದು ವಿದ್ಯೆ. ಊಟವಾದ ಮೇಲೆ ಎಲೆಯೆತ್ತಿ ಸ್ಥಳ ಶುದ್ಧಿ ಮಾಡದಿದ್ದರೆ ಮುಂದಿನ ಪಂಕ್ತಿ ಕೂರುವುದೆಲ್ಲಿ?

ನಮ್ಮ ಊರುಗಳ ಮಕ್ಕಳು

ಪುಟ್ಟ ಉಪಗ್ರಹಗಳಿಂದ ಆದ ಇನ್ನೊಂದು ಮಹದುಪಕಾರವೆಂದರೆ, ಈ ವಿದ್ಯೆ ಕಾಲೇಜಿನ ಮಕ್ಕಳ ಕೈಗೂ ಎಟುಕಿತು. ೨೦೧೦ರ ಜುಲೈ ೧೨ರಂದು ಹಾರಿದ ಸ್ಟಡ್‌ಸ್ಯಾಟ್ ಒಂದು ಕಿಲೋಗ್ರಾಮಿಗೂ ಕಡಿಮೆ ತೂಕದ್ದು; ಅದನ್ನು ಕಟ್ಟಿದವರು ಬೆಂಗಳೂರು ಮತ್ತು ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು. ೨೦೧೬ರ ಜೂನ್ ೨೨ರಂದು ಪುಣೆಯ ಇಂಜಿನಿಯರಿಂಗ್ ಕಾಲೇಜಿನವರ ಸ್ವಯಂ, ಚೆನ್ನೈಯ ಸತ್ಯಭಾಮಾ ವಿಶ್ವವಿದ್ಯಾನಿಲಯದವರ ಉಪಗ್ರಹ ಇವೆರಡೂ ಒಂದೇ ರಾಕೆಟ್ಟಿನಲ್ಲಿ ಹೋದವು. ಅದೇ ವರ್ಷ ಸೆಪ್ಟೆಂಬರ್ ೨೬ರಂದು ಮುಂಬಯಿಯ ಐ.ಐ.ಟಿ.ಯವರ ಪ್ರಥಮ್ ಮತ್ತು ಬೆಂಗಳೂರಿನ ಪಿ.ಇ.ಎಸ್. ವಿಶ್ವವಿದ್ಯಾನಿಲಯದವರ ಪೈಸ್ಯಾಟ್ ಜೊತೆಯಾಗಿ ಹೋದವು. ನಮ್ಮ ಪತ್ರಿಕೆಯನ್ನು ಓದುವವರು ನೆಲಸಿರುವ ಊರುಗಳ ಹೆಸರುಗಳೇ ಇಲ್ಲಿ ಒಂದಾದ ಮೇಲೊಂದು ಬರುತ್ತಿವೆಯಲ್ಲವೇ!

ಪುಣೆಯ ಸ್ವಯಂ ಪರೀಕ್ಷಿಸಲು ಹೊರಟ ವಿಚಾರವಂತೂ ಬಹಳ ಸರಳ, ಬಹಳ ಸೊಗಸು. ಉಪಗ್ರಹವು ದಿಕ್ಕುಗೆಡದಂತೆ ನಿಲ್ಲಿಸಲು ಸಾಮಾನ್ಯವಾಗಿ ವಿದ್ಯುತ್ತನ್ನೋ ಇಂಧನವನ್ನೋ ವೆಚ್ಚಮಾಡಬೇಕಾಗುತ್ತದೆ. ದಿಕ್ಸೂಚಿಯ ಮುಳ್ಳು ಯಾವ ವೆಚ್ಚವೂ ಇಲ್ಲದೆ ಭೂಮಿಯ ಕಾಂತಶಕ್ತಿಯನ್ನನುಸರಿಸಿ ನಿಲ್ಲುವಂತೆ, ಒಳಗೊಂದು ಅಯಸ್ಕಾಂತವನ್ನಿಟ್ಟು ಉಪಗ್ರಹವನ್ನೇ ಏಕೆ ನಿಲ್ಲಿಸಬಾರದು? ವಿದ್ಯಾರ್ಥಿಗಳು ಕೇಳಿದ ಪ್ರಶ್ನೆ ಇಷ್ಟೇ.

ಕೆಟ್ಟರೆ ಏನಾಯಿತು?

ಪುಟ್ಟ ಉಪಗ್ರಹಗಳೆಲ್ಲವೂ ಗೆದ್ದವೆಂದು ಹೇಳಿದರೆ ವಾಚಕರಿಗೆ ಮೋಸಮಾಡಿದಂತಾದೀತು. ಮೇಲೆ ಹೋದ ಮೇಲೆ ಒಂದು ಶಬ್ದವನ್ನೂ ಕಳುಹಿಸದೆ ಮೌನವಾದವು ಬೇಕಾದಷ್ಟಿವೆ. ರಾಕೆಟ್ಟೇ ಕೈಕೊಟ್ಟ ಸಂದರ್ಭಗಳೂ ಉಂಟು. ೨೦೨೨ರ ಆಗಸ್ಟ್ ೭ರಂದು ಪುಟ್ಟ ಉಪಗ್ರಹಗಳಿಗೆಂದೇ ರಚಿಸಿದ ಎಸ್.ಎಸ್.ಎಲ್.ವಿ. ಎಂಬ ಹೊಸ ರಾಕೆಟ್ಟಿನ ಮೊದಲ ಹಾರಾಟವಿತ್ತು. ಅದರಲ್ಲಿ ಆಜಾದಿಸ್ಯಾಟ್ ಎಂಬ ಚಿಕ್ಕ ಉಪಗ್ರಹವಿತ್ತು. ಸರಕಾರಿ ಶಾಲೆಗಳಲ್ಲಿ ಓದುವ ೭೫೦ ಮಂದಿ ಹುಡುಗಿಯರು ಅದರೊಳಗಿನ ೭೫ ಉಪಕರಣಗಳನ್ನು ಜೋಡಿಸುವುದರಲ್ಲಿ ಕೈಯಿಟ್ಟಿದ್ದರು. ಎರಡನೆಯ ಹಂತ ಬೇರ್ಪಡುವಾಗ ಉಂಟಾದ ಕಂಪನದಿಂದ ರಾಕೆಟ್ಟಿನ ಅಳತೆಯ ಉಪಕರಣಗಳು ಎರಡು ಸೆಕೆಂಡುಗಳ ಕಾಲ ತಬ್ಬಿಬ್ಬಾದವು. ಉಪಗ್ರಹಗಳು ವೃತ್ತಾಕಾರದ ಕಕ್ಷೆಗೆ ಬದಲಾಗಿ ಒಂದು ತುದಿ ೭೬ ಕಿಲೋಮೀಟರಿಗೆ ಇಳಿದ ಕಕ್ಷೆಯನ್ನು ಸೇರಿ, ವಾಯುಮಂಡಲಕ್ಕೆ ಬಿದ್ದು ನಾಶವಾದವು.

ಆ ಹುಡುಗಿಯರ ಕಣ್ಣೀರಿಗೆ ಬೆಲೆ ಕಟ್ಟಲಾಗದು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಇಸ್ರೋದವರು ದೋಷವನ್ನು ಕಂಡುಹಿಡಿದು, ಅದನ್ನು ಮುಚ್ಚಿಡದೆ ಪ್ರಕಟಿಸಿ, ತಿದ್ದಿದರು. ಆರು ತಿಂಗಳು ಕಳೆದು ೨೦೨೩ರ ಫೆಬ್ರವರಿ ೧೦ರಂದು ಅದೇ ಮಾದರಿಯ ಎರಡನೆಯ ರಾಕೆಟ್ಟು ಎರಡನೆಯ ಆಜಾದಿಸ್ಯಾಟನ್ನು ಕ್ಷೇಮವಾಗಿ ಕಕ್ಷೆಗೆ ಮುಟ್ಟಿಸಿತು. ಹತ್ತಾರು ವರ್ಷಗಳ ಶ್ರಮದ ಭಾರಿ ಉಪಗ್ರಹವೊಂದು ಹಾಗೆ ಬಿದ್ದಿದ್ದರೆ, ಅದರ ಜಾಗಕ್ಕೆ ಇನ್ನೊಂದನ್ನು ಆರು ತಿಂಗಳಲ್ಲಿ ಕಟ್ಟಿ ನಿಲ್ಲಿಸಲು ಯಾರಿಂದ ಸಾಧ್ಯವಾಗುತ್ತಿತ್ತು?

ಈಗ ಮೊದಲಿನ ಪ್ರಶ್ನೆಗೆ ಉತ್ತರ ಹೇಳಬಹುದು. ಪರೀಕ್ಷೆಗೆಂದು ಕಳುಹಿಸುವ ಉಪಗ್ರಹ ದುಂದುಗಾರಿಕೆಯಲ್ಲ. ದುಂದನ್ನು ತಪ್ಪಿಸುವ ಉಪಾಯ. ಅಂತರಿಕ್ಷ ನಿಲ್ದಾಣದ ಬಾಗಿಲು ಕೂಡಿಕೊಳ್ಳದೆ ಹೋದರೆ ಅಲ್ಲಿ ಅಪಾಯಕ್ಕೆ ಸಿಕ್ಕುವುದು ಹಣ ಮಾತ್ರವಲ್ಲ, ಮನುಷ್ಯರ ಪ್ರಾಣ. ಆ ಬಾಗಿಲು ಎಲ್ಲಿ ತಡೆಯುತ್ತದೆ, ಹೇಗೆ ಸರಿಯುತ್ತದೆ ಎಂಬುದನ್ನು ಯಾರೂ ಇಲ್ಲದ ಎರಡು ಪುಟ್ಟ ಉಪಗ್ರಹಗಳಲ್ಲಿ ಮೊದಲೇ ನೋಡಿಕೊಳ್ಳುವುದು ಕರ್ತವ್ಯವೇ ಸರಿ.

ಆದ್ದರಿಂದ ಮುಂದೆ ಯಾವಾಗಲಾದರೂ ಬೆಳಗಿನ ಚಹಾದ ವೇಳೆಗೆ, ಇಂಥ ಪುಟ್ಟ ಉಪಗ್ರಹವೊಂದು ಕೆಟ್ಟಿತೆಂಬ ಸುದ್ದಿಯನ್ನು ಓದಿದಾಗ, "ಹಣವೆಲ್ಲ ನೀರುಪಾಲು" ಎಂದು ಪತ್ರಿಕೆಯನ್ನು ಮಡಚಿಡಬೇಡಿ. ಅದು ಪರೀಕ್ಷಿಸಲು ಹೋದದ್ದು ಏನನ್ನು? ಕೆಟ್ಟದ್ದರಿಂದ ತಿಳಿದದ್ದೇನು? ಈ ಎರಡು ಪ್ರಶ್ನೆಗಳನ್ನು ಕೇಳಿ. ಉತ್ತರವಿದ್ದರೆ ಖರ್ಚಾದ ಹಣ ಎಲ್ಲಿಯೂ ಹೋಗಿಲ್ಲ. ಮೊದಲ ದಿನದ ಹಿಟ್ಟು ಹುಳಿಬರಲಿಲ್ಲವೆಂದು ಊರಿಗೆ ಗಂಟುಕಟ್ಟಿಕೊಂಡು ಹಿಂತಿರುಗಿದ್ದರೆ, ದಿಲ್ಲಿಯಲ್ಲಿ ಇಂದು ಇಡ್ಲಿಯನ್ನು ತಿನ್ನುವವರೇ ಇರುತ್ತಿರಲಿಲ್ಲ.